ಐದು ತೂತು, ಒಂದು ಗೇಣು

ನನ್ನ ಹೊಟ್ಟೆಯ ಮೇಲಿನ ಗೆರೆ ಒಂದು ಗೇಣಿದೆ. ಹೊಕ್ಕುಳಿನ ಕೆಳಗೆ ಶುರುವಾಗಿ ನೆಟ್ಟಗೆ ಇಳಿಯುತ್ತದೆ. ನಡುವೆ ಒಂದು ಕಡೆ ತುಸು ಬಲಕ್ಕೆ ವಾಲಿದೆ, ಹೊಲಿಯುತ್ತಿದ್ದವರನ್ನು ಆ ಹೊತ್ತಿಗೆ ಯಾರೋ ಮಾತಾಡಿಸಿದ್ದರೇನೋ ಅನ್ನುವಂತೆ. ನನ್ನ ಓರಗಿತ್ತಿಯ ಹೊಟ್ಟೆಯ ಮೇಲೆ ಇರುವುದು ಐದು ತೂತಿನ ಗುರುತು. ಈಗ ಹುಡುಕಿದರೆ ಮೂರೇ ಸಿಗುತ್ತವೆ. ನಾನು ಹುಡುಕಿದ್ದೇನೆ.

ಇಬ್ಬರದೂ ಒಂದೇ ಆಪರೇಶನ್, ಗರ್ಭಕೋಶ ತೆಗೆಸುವುದು. ನಡುವೆ ಒಂಬತ್ತು ವರ್ಷ. ಮನೆಯೂ ಒಂದೇ, ಯಲಹಂಕದ ಪುಟ್ಟೇನಹಳ್ಳಿಯಲ್ಲಿ. ಕೆಳಗೆ ನಾನು, ನನ್ನವರು, ಮಕ್ಕಳು ಮತ್ತು ಅತ್ತೆ. ಮೇಲಿನ ಮಹಡಿಯಲ್ಲಿ ಮೈದುನ, ಅವಳು ಮತ್ತು ಅವರ ಮಗು. ಅತ್ತೆ ಆ ಊರಿಗೇ ಸೊಸೆಯಾಗಿ ಬಂದು, ಕೆರೆ ಪಕ್ಕದ ಹೊಲದಲ್ಲಿ ರಾಗಿ ಕುಯ್ದವರು. ಹೊಲ ಸೈಟಾಯಿತು, ಸೈಟು ಮನೆಗಳಾದವು, ಅತ್ತೆಯ ಬಾಯಲ್ಲಿ ಮಾತ್ರ 'ಹ' ಇನ್ನೂ ಹುಟ್ಟಿಲ್ಲ. ಅವರು ನಮ್ಮನ್ನು ಕರೆಯುವುದು ದೊಡ್ಡೋಳು, ಚಿಕ್ಕೋಳು ಅಂತ. ನಾನು ದೊಡ್ಡೋಳು.

ನನಗೆ ತೆಗೆದದ್ದು ಎರಡು ಸಾವಿರದ ಎಂಟರಲ್ಲಿ. ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷ. ಆಟೋದಲ್ಲಿ ನರ್ಸಿಂಗ್ ಹೋಮಿಗೆ ಹೋಗುವಾಗ ಅಗೆದು ಹಾಕಿದ್ದ ಹೆದ್ದಾರಿಯ ಪ್ರತಿ ಹಳ್ಳಕ್ಕೂ ಹೊಟ್ಟೆ ಹಿಡಿದುಕೊಂಡೆ ಎಂದು ಬರೆಯಲು ಹೊರಟಿದ್ದೆ. ಆದರೆ ನರ್ಸಿಂಗ್ ಹೋಂ ಇದ್ದದ್ದು ಯಲಹಂಕ ಹಳೇ ಊರಿನೊಳಗೇ. ಹೆದ್ದಾರಿ ದಾಟುವ ಅಗತ್ಯವೇ ಇರಲಿಲ್ಲ. ಆ ಹಳ್ಳಗಳನ್ನು ಬೇರೆ ಯಾವುದೋ ಪ್ರಯಾಣದಿಂದ ಎತ್ತಿ ತಂದು ಇಲ್ಲಿ ಹಾಕಿದ್ದೇನೆ. ಮುಂದೆಯೂ ಹೀಗಾಗಬಹುದು. ಕೈಗೆ ಸಿಕ್ಕಿದಾಗ ಹೇಳುತ್ತೇನೆ.

ಇದು ಮಾತ್ರ ಗಟ್ಟಿಯಾಗಿ ಗೊತ್ತು: ಎರಡು ವರ್ಷ ವಿಪರೀತ ರಕ್ತ ಹೋಗಿ ನಾನು ಬಿಳಿಚಿಕೊಂಡಿದ್ದೆ. ಪರೀಕ್ಷೆ ಮುಗಿಸಿ ಪರದೆಯ ಹಿಂದೆ ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ಆಚೆ ಕಡೆ ಡಾಕ್ಟರು ನನ್ನವರಿಗೆ ಹೇಳಿದರು: "ಮಕ್ಳು ಆಗಿದಾವಲ್ಲ, ತೆಗ್ದುಬಿಡೋಣ. ಸೋಮವಾರ ಅಡ್ಮಿಟ್ ಮಾಡಿ." ನನ್ನವರು "ಸರಿ ಸಾರ್" ಅಂದರು. ನಾನು ನೆರಿಗೆ ಹಿಡಿದುಕೊಂಡು ನಿಂತಿದ್ದೆ. ಪರದೆ ಸರಿಸಿ ಬರುವ ಹೊತ್ತಿಗೆ ಎಲ್ಲ ತೀರ್ಮಾನವಾಗಿತ್ತು. ಕೊಯ್ಯುವುದು ಹೇಗೆ, ಎಲ್ಲಿಂದ ಎಲ್ಲಿಗೆ, ಬೇರೆ ದಾರಿ ಇದೆಯೇ ಎಂದು ಕೇಳಬಹುದೆಂಬುದೇ ನನಗೆ ಹೊಳೆದಿರಲಿಲ್ಲ.

ತೆಗೆದದ್ದನ್ನು ಸ್ಟೀಲ್ ಟ್ರೇಯಲ್ಲಿಟ್ಟು ಹೊರಗೆ ಕಾದಿದ್ದವರಿಗೆ ತೋರಿಸಿದರು. ನನ್ನವರು ಮುಖ ತಿರುಗಿಸಿದರಂತೆ. ಅತ್ತೆ ಬಗ್ಗಿ ನೋಡಿದರು. ಆಮೇಲೆ ಬಂದವರಿಗೆಲ್ಲ ಹೇಳಿದರು: "ಸೀಮೆಬದನೆಕಾಯಿ ಇದ್ದಂಗಿತ್ತು ಕಣಮ್ಮ. ಅಷ್ಟ್ ದಪ್ಪ. ಎಂಗ್ ಒತ್ಕೊಂಡಿದ್ಲೋ."

ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಹಾಲ್ ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಬಾಣಂತಿಗೆ ಮಾಡುವುದನ್ನೆಲ್ಲ ಮಾಡಿಸಿದರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಹಳೇ ಸೀರೆಯ ಕಟ್ಟು, ಬೆಳ್ಳುಳ್ಳಿ ಮೆಣಸಿನ ಸಾರು, ಸಾಂಬ್ರಾಣಿ ಹೊಗೆ. ಮೊಸರಿಲ್ಲ, ತಣ್ಣೀರಿಲ್ಲ. ಹಿತ್ತಲ ಹಂಡೆಯಲ್ಲಿ ಬೇವಿನಸೊಪ್ಪು ಹಾಕಿ ಕಾಯಿಸಿದ ನೀರು. ಬಾಗಿಲಲ್ಲಿ ನಿಂತು, "ಅಸಿಮೈ ಕಣಮ್ಮ. ಮೂರ್ ತಿಂಗಳು ಏಳಂಗಿಲ್ಲ" ಅಂದರು. ನನ್ನ ನೆನಪಿನಲ್ಲಿ ಅದು ಹಾಗೇ ಇದೆ, ಆ ಬಾಗಿಲು, ಆ ಮಾತು. ಹಸಿಮೈ ಅಂದರೆ ಒಳಗೆ ಇನ್ನೂ ಹಸಿಯಾಗಿರುವ ಮೈ. ಹಸಿಮೈಯವಳು ಒಂದು ಚೊಂಬನ್ನೂ ಎತ್ತಬಾರದು. ಅವಳ ಪಾಲಿನ ಕೆಲಸವನ್ನೆಲ್ಲ ಇನ್ನೊಬ್ಬಳು ಮಾಡಬೇಕು.

ಆ ಇನ್ನೊಬ್ಬಳು ಚಿಕ್ಕೋಳು. ಕೆಂಪಾಪುರದ ತವರು, ಮದುವೆಯಾಗಿ ವರ್ಷ ಆಗಿತ್ತು. ಹಂಡೆಯಿಂದ ಬಚ್ಚಲಿಗೆ ಬಿಸಿನೀರು ಹೊತ್ತಳು, ನನ್ನ ಬಟ್ಟೆ ಒಗೆದಳು, ಸಾರು ತಂದಿಟ್ಟಳು. ಕೈಗೆ ಇನ್ನೂ ಹೊಸ ಬಳೆ. ಬಿಸಿನೀರಿನ ಆವಿಗೆ ಮುಖ ಕೆಂಪಾಗಿರುತ್ತಿತ್ತು. ಏನು ಯೋಚಿಸುತ್ತಿದ್ದಾಳೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಒಂಬತ್ತು ವರ್ಷದ ಮೇಲೆ ಅವಳ ಸರದಿ ಬಂತು. ಗರ್ಭಕೋಶದಲ್ಲಿ ಗಡ್ಡೆಗಳು. ಮಾತ್ರೆ ನುಂಗಿದಳು, ಇಂಜೆಕ್ಷನ್ ಹಾಕಿಸಿಕೊಂಡಳು, ನಿಲ್ಲಲಿಲ್ಲ. ಕೊನೆಗೆ ಹೆಬ್ಬಾಳದ ಕಡೆ ಒಂದು ದೊಡ್ಡ ಆಸ್ಪತ್ರೆಗೆ ತೋರಿಸುವುದೆಂದಾಯಿತು. ಮೈದುನ ನನ್ನ ಹತ್ತಿರ ಬಂದು, "ಅತ್ತಿಗೆ, ಹೆಂಗಸ್ರ ವಿಷ್ಯ, ನೀವ್ ಜೊತೇಲಿದ್ರೆ ಅವ್ಳಿಗೆ ಧೈರ್ಯ" ಅಂದ. ಹೋದೆ.

ಅಲ್ಲಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಸ್ಕ್ಯಾನಿಂಗಿನ ಕವರು ತಿರುಗಿಸಿ, ಅದರ ಹಿಂಭಾಗದಲ್ಲಿ ಪೆನ್ನಿನಿಂದ ಮೂರು ಹೊಟ್ಟೆ ಬರೆದರು. ಮೊದಲನೆಯದಕ್ಕೆ ಒಂದು ಉದ್ದ ಗೆರೆ. ಎರಡನೆಯದಕ್ಕೆ ಮೂರ್ನಾಲ್ಕು ಚುಕ್ಕೆ. ಮೂರನೆಯದಕ್ಕೆ ಐದು ಚುಕ್ಕೆ.

"ಇದು ಹೊಟ್ಟೆ ಕೊಯ್ದು ಮಾಡೋದು. ಇದು ಲ್ಯಾಪ್ರೋಸ್ಕೋಪಿ, ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಮಾಡೋದು. ಇದೂ ಹಾಗೇನೇ, ಆದ್ರೆ ರೋಬೋಟ್ ಕೈಯಿಂದ."

"ರೋಬೋಟೇ ಮಾಡುತ್ತಾ ಡಾಕ್ಟ್ರೆ?" ಚಿಕ್ಕೋಳು ಕೇಳಿದಳು.

"ಇಲ್ಲಮ್ಮ, ಅದಕ್ಕೇನೂ ಗೊತ್ತಿಲ್ಲ. ಮಾಡೋದು ನಾನೇ. ಅದೇ ರೂಮಲ್ಲಿ ಒಂದ್ ಕಡೆ ಕೂತ್ಕೊಂಡು, ಒಳಗಡೆದನ್ನ ದೊಡ್ಡದಾಗಿ ನೋಡ್ತಾ ಕೈ ಆಡಿಸ್ತೀನಿ. ನನ್ನ ಕೈ ಹೆಂಗೆ ತಿರುಗುತ್ತೋ ಅದರ ಕೈ ಹಂಗೆ ತಿರುಗುತ್ತೆ."

"ನಡುವೆ ಕೆಟ್ಟೋದ್ರೆ?"

ಡಾಕ್ಟರು ನಕ್ಕರು. "ಪಕ್ಕಕ್ಕೆ ತಳ್ಳಿ ನಾನು ಮುಂದುವರಿಸ್ತೀನಿ. ಕೆಲವು ಸಲ ಹೊಟ್ಟೆ ಕೊಯ್ಯಲೇಬೇಕಾಗುತ್ತೆ, ಅದಕ್ಕೂ ಮೊದಲೇ ಸೈನ್ ತಗೋತೀನಿ. ನೋಡಿ, ಎಲ್ಲರಿಗೂ ಇದೇ ಬೇಕು ಅಂತ ಹೇಳಲ್ಲ. ಖರ್ಚು ಜಾಸ್ತಿ. ಸುಲಭದ ಕೇಸಾಗಿದ್ರೆ ಮಾಮೂಲಿ ಲ್ಯಾಪ್ರೋಸ್ಕೋಪಿ ಸಾಕು ಅಂತಿದ್ದೆ. ನಿಮಗೆ ಸಿಸೇರಿಯನ್ ಆಗಿದೆ, ಒಳಗೆ ಅಂಟ್ಕೊಂಡಿರುತ್ತೆ. ಗಡ್ಡೆ ಬೇರೆ ಇಕ್ಕಟ್ಟಿನ ಜಾಗದಲ್ಲಿದಾವೆ. ಅದಕ್ಕೇ ಇದರ ಮಾತೆತ್ತಿದ್ದು." ಪೆನ್ನು ಕೆಳಗಿಟ್ಟರು. "ನೀವೇನಂತೀರಾ?"

ಕೇಳಿದ್ದು ಅವಳನ್ನು. ಮೈದುನನೂ ಅಲ್ಲೇ ಕೂತಿದ್ದ. ಡಾಕ್ಟರು ಅವನ ಕಡೆ ತಿರುಗಿಯೂ ನೋಡಲಿಲ್ಲ. ನೀವೇನಂತೀರಾ. ನನ್ನ ಹೊಟ್ಟೆ ಉರಿಯಿತು. ನಾವು ಅಸೂಯೆಗೆ ಹೊಟ್ಟೆಯುರಿ ಅನ್ನುತ್ತೇವಲ್ಲ, ಅದು ಬರಿಯ ಮಾತಲ್ಲವೆಂದು ಆಗ ಗೊತ್ತಾಯಿತು. ಗೆರೆಯ ಹಿಂದೆ, ಒಂಬತ್ತು ವರ್ಷದಿಂದ ಏನೂ ಇಲ್ಲದ ಜಾಗದಲ್ಲಿ, ಉರಿಯಿತು.

ಅವಳು ಕೊಟ್ಟ ಉತ್ತರ ಇನ್ನೂ ಉರಿಸಿತು. "ಎರಡ್ ದಿನ ಟೈಮ್ ಕೊಡಿ ಡಾಕ್ಟ್ರೆ, ಯೋಚನೆ ಮಾಡಿ ಹೇಳ್ತೀನಿ."

ಅದು ಯೋಚನೆ ಮಾಡುವ ವಿಷಯವೇ! ಮಕ್ಕಳ ಸ್ಕೂಲಿನ ವಿಷಯಕ್ಕೆ ಯೋಚನೆ ಮಾಡುತ್ತಾರೆ, ಪರದೆ ಬಟ್ಟೆಯ ಬಣ್ಣಕ್ಕೆ ಯೋಚನೆ ಮಾಡುತ್ತಾರೆ. ಆದರೆ ಡಾಕ್ಟರು "ಆಯ್ತಮ್ಮ, ಖಂಡಿತ" ಅಂದರು, ದಿನವೂ ಕೇಳುವ ಮಾತೆನ್ನುವಂತೆ.

ವಾಪಸು ಬರುವಾಗ ಕಾರಿನಲ್ಲಿ ಅವಳು ಕೇಳಿದಳು, "ಅಕ್ಕ, ನಿಮ್ಗೆ ಆವಾಗ ತುಂಬ ನೋವಾಗಿತ್ತಾ?"

"ಇಲ್ಲ ಕಣೇ. ಏನೂ ಇಲ್ಲ."

ಕೆಮ್ಮಿದರೆ ಹೊಟ್ಟೆ ಬಿಚ್ಚಿಕೊಳ್ಳುತ್ತದೆಂದು ಹೆದರಿ ದಿಂಬು ಒತ್ತಿಕೊಂಡು ಕೆಮ್ಮುತ್ತಿದ್ದೆ. ನಗಿಸಿದವರಿಗೆ ಬೈಯುತ್ತಿದ್ದೆ. ಬೋರಲು ಮಲಗುವುದನ್ನು ಅಲ್ಲಿಂದಾಚೆ ಬಿಟ್ಟೇಬಿಟ್ಟೆ. ಸೀರೆಯ ಗಂಟು ಸರಿಯಾಗಿ ಗೆರೆಯ ಮೇಲೇ ಬಂದು ಕೂರುತ್ತದೆ, ಬೇಸಿಗೆಯಲ್ಲಿ ನವೆ. ಇದ್ಯಾವುದನ್ನೂ ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಐದು ಚುಕ್ಕೆಯನ್ನು ಇನ್ನೂ ಬೇಗ ಆರಿಸಿಕೊಳ್ಳುತ್ತಿದ್ದಳು. ಅದು ನನಗೆ ಬೇಕಿರಲಿಲ್ಲ. ಇಷ್ಟು ಸ್ಪಷ್ಟವಾಗಿ ಆ ಕಾರಿನಲ್ಲಿ ಯೋಚಿಸಿದ್ದೆನೇ, ಈಗ ಬರೆಯುವಾಗ ಸ್ಪಷ್ಟವಾಗುತ್ತಿದೆಯೇ, ಗೊತ್ತಿಲ್ಲ. ಉತ್ತರ ಕೊಟ್ಟದ್ದಂತೂ ಹಾಗೆ.

ಎರಡು ದಿನದ ಮೇಲೆ ಅವಳು ಐದು ಚುಕ್ಕೆ ಅಂದಳು.

ಆಪರೇಶನ್ನಿನ ದಿನ ಅತ್ತೆಯೂ ಬಂದರು. ಎಲೆ ಅಡಿಕೆ ಜಗಿಯಲು ಬಿಡದ ಆಸ್ಪತ್ರೆ, ಸೆಕ್ಯುರಿಟಿಯವನ ಜೊತೆ ಒಂದು ಸಣ್ಣ ಜಗಳವಾಯಿತು. ಆಮೇಲೆ ಕುರ್ಚಿಯಲ್ಲಿ ಕಾಲು ಮಡಿಸಿಕೊಂಡು ಕೂತು ನನ್ನನ್ನು ವಿಚಾರಿಸಿದರು.

"ಮಿಸನ್ನೇ ಮಾಡದಾ?"

"ಮಿಷನ್ನನ್ನ ಡಾಕ್ಟ್ರು ಆಡಿಸ್ತಾರೆ ಅತ್ತೆ."

"ಅವ್ರು ದೂರ ಕೂತವ್ರೆ ಅಂದ್ನಲ್ಲ ನಿನ್ ಮೈದ್ನ."

"ದೂರ ಅಂದ್ರೆ ಅಲ್ಲೇ, ರೂಮಿನ ಮೂಲೇಲಿ."

"ಅಂಗಾರೆ ಒಟ್ಟೆ ಒಳೀಕೆ ಕೈ ಆಕಲ್ಲ."

"ಕೈ ಹಾಕಲ್ಲ. ಸಣ್ಣ ಕಡ್ಡಿ ಥರದವು ಹೋಗ್ತಾವೆ."

"ಕೈ ಆಕಲ್ಲ," ಅತ್ತೆ ಇನ್ನೊಮ್ಮೆ ಹೇಳಿಕೊಂಡರು. ಏನೋ ಲೆಕ್ಕ ಹಾಕಿದ ಹಾಗೆ ತಲೆಯಾಡಿಸಿದರು. ಆ ಲೆಕ್ಕ ಏನೆಂದು ನನಗೆ ಆಗ ತಿಳಿಯಲಿಲ್ಲ.

ಮಧ್ಯಾಹ್ನ ಒಬ್ಬ ನರ್ಸು ಪ್ಲಾಸ್ಟಿಕ್ ಡಬ್ಬಿ ತಂದು ತೋರಿಸಿದಳು. ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದೇನ್ ತಾಯಿ, ಪಲ್ಯಕ್ಕೆ ಎಚ್ಚಿದಂಗೈತೆ."

"ದೊಡ್ಡದಿತ್ತಲ್ಲಮ್ಮ, ಚಿಕ್ಕ ಜಾಗದಿಂದ ತೆಗೀಬೇಕಲ್ಲ, ಅದಕ್ಕೇ ತುಂಡು ಮಾಡಿರೋದು."

"ಗಾತ್ರ ಎಂಗ್ ಗೊತ್ತಾಯ್ತದೆ ಇದ್ರಲ್ಲಿ?" ಅತ್ತೆಗೆ ನಿರಾಸೆಯಾಗಿತ್ತು. ನನ್ನ ಕಡೆ ತಿರುಗಿ, "ನಿಂದೇ ದಪ್ಪ ಬುಡು" ಅಂದರು. ಅಷ್ಟಕ್ಕೆ ನನಗೆ ಖುಷಿಯಾಯಿತು. ನಾಚಿಕೆಯಿಲ್ಲದ ಖುಷಿ. ನಿಜ ಹೇಳಬೇಕೆಂದರೆ ಅವಳದೇ ದೊಡ್ಡದಿತ್ತು.

ಅವಳು ಅದೇ ಸಂಜೆ ಮಂಚದಿಂದ ಇಳಿದು ನಿಂತಳು. ಮಾರನೆಯ ದಿನ ವಾರ್ಡಿನ ಉದ್ದಕ್ಕೂ ನಡೆದಳು. ನಾನು ಐದನೆಯ ದಿನವೂ ನರ್ಸಿನ ಕೈ ಹಿಡಿದುಕೊಂಡು ಅಳುತ್ತಿದ್ದವಳು.

ಮೂರನೆಯ ದಿನ ಡಿಸ್ಚಾರ್ಜ್. ಮೈದುನ ಇನ್ಶೂರೆನ್ಸ್ ಕೌಂಟರಿನಲ್ಲಿದ್ದ. ಅವಳು ಬಚ್ಚಲಲ್ಲಿ ಬಟ್ಟೆ ಬದಲಿಸುತ್ತಿದ್ದಳು. ಡಾಕ್ಟರು ಬಂದಾಗ ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬಲ್ಲೆ, ಯಾಕೆಂದರೆ ಆಮೇಲೆ ಹನ್ನೊಂದು ದಿನ ಅದೇ ಮಾತು ನನ್ನ ಬಾಯೊಳಗಿತ್ತು.

"ಹೊರಗೆ ಚಿಕ್ಕ ಗಾಯ ಅಂತ ಮೋಸ ಹೋಗ್ಬೇಡಿ. ಒಳಗಡೆ ಕೊಯ್ದಿರೋದು, ಹೊಲಿದಿರೋದು ಎಲ್ಲಾ ಅಷ್ಟೇ ಇದೆ. ಓಡಾಡ್ಲಿ, ಓಡಾಡಿದ್ರೇ ಒಳ್ಳೇದು. ಆದ್ರೆ ಆರು ವಾರ ಭಾರ ಎತ್ತಬಾರದು. ತುಂಬಿದ ಬಕೆಟ್ಟು ಕೂಡ. ಮನೇಲಿ ದೊಡ್ಡೋರಿಗೆ ನೀವೇ ಸ್ವಲ್ಪ ತಿಳಿಸಿ ಹೇಳಿ."

"ಹೇಳ್ತೀನಿ ಡಾಕ್ಟ್ರೆ," ಅಂದೆ.

ಮನೆ ಮುಂದೆ ಕಾರು ನಿಂತಿತು. ಚಿಕ್ಕೋಳು ತಾನೇ ಇಳಿದು, ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಅತ್ತೆ ಕೆಳಗೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಡಾಕ್ಟ್ರು ಏನಂದ್ರು?"

"ಎಲ್ಲಾ ಚೆನ್ನಾಗಾಗಿದೆ ಅಂದ್ರು. ಓಡಾಡ್ಬೋದಂತೆ. ಓಡಾಡಿದ್ರೇ ಒಳ್ಳೇದಂತೆ."

ಒಂದು ಮಾತೂ ಸುಳ್ಳಲ್ಲ. ಅಲ್ಲಿಗೆ ನಿಲ್ಲಿಸಿದೆ. ಉಳಿದ ಅರ್ಧ ನಾಲಿಗೆಯ ತುದಿಯಲ್ಲಿತ್ತು, ನಿಲ್ಲಿಸಿದೆ.

"ಅಂಗಾರೆ ಅಸಿಮೈ ಅಲ್ಲ," ಅತ್ತೆ ತೀರ್ಪು ಕೊಟ್ಟರು. "ಕೈನೇ ಆಕಿಲ್ಲ ಅಂದ್ಮೇಲೆ ಅಸಿಮೈ ಎಲ್ಲಿಂದ ಬತ್ತದೆ?"

ಆಸ್ಪತ್ರೆಯ ಕುರ್ಚಿಯಲ್ಲಿ ಹಾಕಿದ್ದ ಲೆಕ್ಕ ಇದು. ಕೈ ಒಳಗೆ ಹೋದರೆ ಮೈ ಹಸಿ. ಹೋಗದಿದ್ದರೆ ಗಟ್ಟಿ. ನಮ್ಮ ಮನೆಯಲ್ಲಿ ಹೆಂಗಸಿನ ಮೈಗೆ ಎರಡೇ ಸ್ಥಿತಿ. ಮೂರು ತಿಂಗಳು ಮಲಗು, ಇಲ್ಲವೇ ಎದ್ದು ಕೆಲಸ ಮಾಡು. ಓಡಾಡಬಹುದು ಆದರೆ ಎತ್ತಬಾರದು ಅನ್ನುವ ಮೈಗೆ ಅಲ್ಲಿ ಹೆಸರಿರಲಿಲ್ಲ. ಅದನ್ನು ತಿಳಿಸಿ ಹೇಳುವ ಕೆಲಸವನ್ನೇ ಡಾಕ್ಟರು ನನಗೆ ವಹಿಸಿದ್ದು.

ಎರಡು ನಿಮಿಷದ ಕೆಲಸ. ಯಾಕೆ ಮಾಡಲಿಲ್ಲ ಎನ್ನುವುದಕ್ಕೆ ವರ್ಷಗಳಿಂದ ಕಾರಣ ಕೂಡಿಹಾಕಿದ್ದೇನೆ. ಸುಸ್ತಾಗಿತ್ತು. ಅತ್ತೆಗೆ ಕಿವಿ ಮಂದ. ಮೈದುನ ಹೇಳುತ್ತಾನೆ ಅಂದುಕೊಂಡೆ. ಎಲ್ಲ ಆಮೇಲೆ ಹೊಲಿದು ಹಾಕಿದ್ದು. ಇದ್ದ ಕಾರಣ ಒಂದೇ. ಸಣ್ಣ ತೂತೂ ಅವಳಿಗೇ, ಮೂರು ತಿಂಗಳ ಆರೈಕೆಯೂ ಅವಳಿಗೇ, ಎರಡೂ ಸಿಗಬಾರದು ಅನ್ನಿಸಿತು. ನಾನು ಒಂದು ಗೇಣು ಕೊಟ್ಟು ಕೊಂಡ ಹಸಿಮೈ ಅದು.

ನೋಡಲು ಬಂದವರು ಬೆಂಕಿಗೆ ತುಪ್ಪ ಸುರಿದರು. ಬೀದಿಯ ಹೆಂಗಸರೆಲ್ಲ ಬಂದರು. ಅವಳು ಟಾಪ್ ತುಸು ಎತ್ತಿ ತೋರಿಸುತ್ತಿದ್ದಳು, ಅವರು ಒಂದು, ಎರಡು ಎಂದು ಎಣಿಸುತ್ತಿದ್ದರು. ನಾನು ಕಾಫಿ ಕೊಡುತ್ತಿದ್ದೆ.

"ರೋಬೋಟಂತೆ ಕಣ್ರೀ! ಅಷ್ಟ್ ದೊಡ್ಡದು ಇಷ್ಟ್ ತೂತಲ್ಲಿ ಬಂತಾ?"

"ಕಾಲ ನೋಡಿ ಹೆಂಗಾಯ್ತು."

ಎದುರು ಮನೆಯಾಕೆ ನನ್ನ ಕಡೆ ತಿರುಗಿದಳು. "ನಿಮ್ದೂ ಆಗಿತ್ತಲ್ವಾ? ಆವಾಗ ಇದೆಲ್ಲಾ ಎಲ್ಲಿತ್ತು, ಪಾಪ."

ಆ ಪಾಪವನ್ನು ಕಾಫಿ ಲೋಟಗಳ ಜೊತೆ ಕೆಳಗೆ ತಂದು ತೊಳೆದೆ. ನನ್ನ ಗೆರೆಯನ್ನು ನೋಡಲು ಯಾರೂ ಯಾವತ್ತೂ ಕೇಳಿರಲಿಲ್ಲ.

ಅವಳು ಮನೆಗೆ ಬಂದ ಹನ್ನೊಂದನೆಯ ದಿನ ಬೆಳಿಗ್ಗೆ ನೀರಿನ ಕ್ಯಾನು ಬಂತು. ಇಪ್ಪತ್ತು ಲೀಟರಿನದು. ಗಾಡಿಯವನಿಗೆ ಅವಸರ, ಮೆಟ್ಟಿಲ ಬುಡದಲ್ಲಿಟ್ಟು ಹೋದ. ಮೈದುನ ಕೆಲಸಕ್ಕೆ ಹೋಗಿಯಾಗಿತ್ತು. ಅತ್ತೆ ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತಾ ಮೇಲಕ್ಕೆ ಕೂಗಿದರು. "ಚಿಕ್ಕೋಳೇ, ನೀರ್ ಬಂದೈತೆ, ತಗೊಂಡೋಗಮ್ಮ."

ನಾನು ಅಡುಗೆಮನೆಯಲ್ಲಿದ್ದೆ. ಒಲೆಯ ಮೇಲೆ ಹಾಲಿತ್ತು, ಉಕ್ಕುತ್ತದೆಂದು ಬಿಟ್ಟು ಹೋಗಲಾಗಲಿಲ್ಲ. ಬಹಳ ಕಾಲ ನಾನು ಇದನ್ನು ಹೀಗೇ ಹೇಳಿಕೊಂಡು ಬಂದೆ. ಹಾಲೇನೋ ಇತ್ತು. ಕಾದು, ಇಳಿಸಿ, ಮುಚ್ಚಿಟ್ಟಾಗಿತ್ತು. ಮೆಟ್ಟಿಲು ಅಡುಗೆಮನೆಯ ಗೋಡೆಯ ಆಚೆ ಬದಿಗಿದೆ. ಅವಳು ಇಳಿದು ಬಂದದ್ದು ಕೇಳಿಸಿತು. ಕ್ಯಾನು ಎತ್ತಿದಾಗ ಒಳಗಿನ ನೀರು ಗುಳುಕ್ ಅಂದದ್ದು ಕೇಳಿಸಿತು. ಒಂದು ಮೆಟ್ಟಿಲಿಗೆ ಒಂದು ಗುಳುಕ್. ಆರನೆಯದರಲ್ಲಿ ನಿಂತಳು. ನಾನು ಗೋಡೆಗೆ ಕೈ ಒತ್ತಿ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ಮತ್ತೆ ಗುಳುಕ್. ಕೊನೆಯವರೆಗೂ ಎಣಿಸಿದೆ. ಹದಿನೆಂಟು ಮೆಟ್ಟಿಲು.

ಮಧ್ಯಾಹ್ನ ಊಟದ ಹೊತ್ತಿಗೆ ಮೇಲಿನಿಂದ "ಅಕ್ಕಾ" ಅಂತ ಕರೆದಳು. ಜೋರಾಗೇನೂ ಅಲ್ಲ. ಹೋಗಿ ನೋಡಿದರೆ ಬಚ್ಚಲ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಾಳೆ. ಚೂಡಿದಾರದ ಪ್ಯಾಂಟು ಮೊಣಕಾಲಿನವರೆಗೆ ಕೆಂಪು.

ಆಸ್ಪತ್ರೆಗೆ ಹೊರಟ ಬಾಡಿಗೆ ಕಾರು ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟಿತು. ಈ ಪ್ರಯಾಣದಲ್ಲಿ ಹೆದ್ದಾರಿ ನಿಜ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳ ಹಣೆ ತಣ್ಣಗಿತ್ತು. ನಾನು ಮನಸ್ಸಿನಲ್ಲೇ ಒಂದೇ ಮಾತು ಹೇಳುತ್ತಿದ್ದೆ, ದೇವರಿಗೋ ಟ್ರಾಫಿಕ್ಕಿಗೋ. ಇವಳಿಗೇನೂ ಆಗದಿರಲಿ, ನಾನೇ ಹೇಳಿಬಿಡ್ತೀನಿ, ಹೇಳಿಬಿಡ್ತೀನಿ.

ಒಳಗೆ, ಗರ್ಭಕೋಶ ಇದ್ದ ಜಾಗದ ತಳದಲ್ಲಿ ಹಾಕಿದ್ದ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಥಿಯೇಟರಿಗೆ ಒಯ್ದು ಕೆಳಗಿನಿಂದಲೇ ಹೊಲಿದರು. ಈ ಸಲ ರೋಬೋಟ್ ಇಲ್ಲ. ಡಾಕ್ಟರು ಮಾಸ್ಕ್ ಇಳಿಸಿಕೊಂಡು ಬಂದು, "ಬೇಗ ಕರ್ಕೊಂಡು ಬಂದ್ರಿ. ಏನೂ ತೊಂದ್ರೆ ಇಲ್ಲ. ಆದ್ರೆ ಇನ್ನೊಂದ್ಸಲ ಬಿಟ್ರೆ ಕಷ್ಟ ಆಗುತ್ತೆ" ಅಂದರು. ಸಂಜೆ ವಾರ್ಡಿಗೆ ಬಂದಾಗ ಅವಳನ್ನು ಕೇಳಿದರು, "ಏನಾದ್ರೂ ಎತ್ತಿದ್ರಾ?" ಅವಳು ಹೌದೆಂದು ತಲೆಯಾಡಿಸಿದಳು. ಡಾಕ್ಟರು ನನ್ನ ಕಡೆ ನೋಡಿದರು. "ನಿಮಗೆ ಹೇಳಿದ್ದೆನಲ್ಲ."

ಮಂಚದಿಂದ ಅವಳ ದನಿ ಬಂತು.

"ಅಕ್ಕ ಹೇಳಿದ್ರು ಡಾಕ್ಟ್ರೆ. ನಾನೇ ಕೇಳ್ಲಿಲ್ಲ."

ಡಾಕ್ಟರು ಅವಳಿಗೆ ಚೆನ್ನಾಗಿ ಬೈದು ಹೋದರು. ಬಾಗಿಲು ಮುಚ್ಚಿಕೊಂಡಿತು. ನಾನು ಕಿಟಕಿಯ ಹತ್ತಿರ ಹೋಗಿ, ವಾಪಸು ಬಂದು, ಸ್ಟೂಲ್ ಎಳೆದು ಕೂತೆ.

"ಯಾಕೆ ಹಂಗಂದೆ? ನಾನು ಹೇಳಿರ್ಲಿಲ್ಲ. ಅತ್ತೆಗೂ ಹೇಳ್ಲಿಲ್ಲ, ನಿಂಗೂ ಹೇಳ್ಲಿಲ್ಲ."

"ಗೊತ್ತು."

"ಏನ್ ಗೊತ್ತು?"

"ಡಿಸ್ಚಾರ್ಜ್ ಪೇಪರಲ್ಲಿ ಎಲ್ಲಾ ಬರ್ದಿತ್ತಲ್ಲ ಅಕ್ಕ. ಮೊದಲ್ನೇ ದಿನಾನೇ ಓದ್ದೆ."

"ಓದಿದ್ಮೇಲೆ ಯಾಕೇ ಎತ್ದೆ ಆ ಕ್ಯಾನು?"

ಅವಳು ಸೂಜಿ ಚುಚ್ಚಿದ್ದ ಕೈಯನ್ನು ಎದೆಯ ಮೇಲಿಂದ ನಿಧಾನ ಸರಿಸಿದಳು. "ಮತ್ತೇನ್ ಮಾಡ್ಲಿ? ನಂದು ಹಸಿಮೈ ಅಂತ ನಾನೇ ಹೇಳ್ಕೊಂಡು ಮಲಗಕ್ಕಾಗುತ್ತಾ? ಅತ್ತೆ ಏನಂತಾರೆ? ಐದ್ ತೂತಿಗೆ ಐದ್ ತಿಂಗ್ಳು ಮಲಗ್ತಾವ್ಳೆ ಅಂತಾರೆ. ನಮ್ಮನೇಲಿ ಅದನ್ನ ಇನ್ನೊಬ್ರೇ ಹೇಳ್ಬೇಕು. ನೀವ್ ಹೇಳ್ತೀರಾ ಅಂತ ದಿನಾ ಕಾದೆ. ಬೆಳಿಗ್ಗೆನೂ ಎತ್ತೋಕೆ ಮುಂಚೆ ಸ್ವಲ್ಪ ಹೊತ್ತು ನಿಂತಿದ್ದೆ. ನೀವ್ ಅಡುಗೆಮನೇಲಿರೋದು ಗೊತ್ತಿತ್ತು."

ನಾನು ಅವಳ ಹೊದಿಕೆ ಸರಿಮಾಡಿದೆ.

"ನಿಮ್ದು ನಾನ್ ಹೇಳಿರ್ಲಿಲ್ವಾ?" ಅಂದಳು.

"ನೀನು ಹೇಳಿದ್ದಾ? ಅತ್ತೆ ಅಲ್ವಾ?"

"ಅತ್ತೆ ಹದಿನೈದು ದಿನ ಸಾಕು ಅಂದಿದ್ರು, ಇದೇನು ಹೆರಿಗೇನಾ ಅಂತ. ನಾನೇ ಅಡುಗೆಮನೇಲಿ, ನಮ್ ಕೆಂಪಾಪುರದಲ್ಲಿ ಇದಕ್ಕೂ ಮೂರ್ ತಿಂಗ್ಳು ಹಸಿಮೈ ಅಂತಾರತ್ತೆ, ಅಂದೆ. ನಮ್ಮೂರಲ್ಲಿ ಯಾರಿಗೂ ಆಗೇ ಇರ್ಲಿಲ್ಲ. ಸುಳ್ಳು ಹೇಳ್ದೆ." ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. "ಹೇಳಿ ನಾನೇ ಸಿಕ್ಕಾಕ್ಕೊಂಡೆ. ಮೂರ್ ತಿಂಗ್ಳು ಬಿಸಿನೀರು ಹೊತ್ತೂ ಹೊತ್ತೂ, ನೀವು ಮಲಗಿರೋದು ನೋಡಿ ಎಷ್ಟ್ ಹೊಟ್ಟೆ ಉರೀತಿತ್ತು ಗೊತ್ತಾ ನಂಗೆ?"

ಅವಳು ಹೇಳಿದ್ದೇ ಸರಿಯೇ, ಬಾಗಿಲಲ್ಲಿ ನಿಂತ ಅತ್ತೆಯ ನೆನಪು ಸರಿಯೇ, ಇವತ್ತಿಗೂ ಹೇಳಲಾರೆ. ಆಮೇಲೆ ಅತ್ತೆಯನ್ನು ಕೇಳಿದ್ದೇನೆ. "ನಾನೇ ಯೋಳಿದ್ದು, ಇನ್ಯಾರ್ ಯೋಳ್ತಾರೆ" ಅಂದರು. ಅವರು ಎಲ್ಲದಕ್ಕೂ ಹಾಗೇ ಅನ್ನುತ್ತಾರೆ. ಆದರೆ ಆ ವಾರ್ಡಿನಲ್ಲಿ ನಾನು ಅವಳ ಮಾತನ್ನು ನಂಬಿದೆ. ನಂಬಿದ ಕೂಡಲೇ ನನಗೆ ಆದದ್ದು ಪಶ್ಚಾತ್ತಾಪ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಮೊದಲು ಆದದ್ದು ಮತ್ತದೇ ಉರಿ. ಒಳ್ಳೆಯತನದಲ್ಲೂ ಇವಳೇ ಮುಂದೆ.

ಮಾರನೆಯ ದಿನ ಮನೆಗೆ ಬಂದು ಅತ್ತೆಯ ಎದುರು ಕೂತೆ. ಎಲ್ಲ ಹೇಳಿದೆ. ಡಾಕ್ಟರು ಅವತ್ತೇ ಹೇಳಿದ್ದರು, ನಾನು ಅರ್ಧ ನುಂಗಿದೆ, ಅದರಿಂದಲೇ ಹೀಗಾಯಿತು. ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿದರು.

"ಯಾಕ್ ಯೋಳ್ನಿಲ್ಲ?"

"ಹೊಟ್ಟೆಕಿಚ್ಚಿಗೆ."

ಬೈಯುತ್ತಾರೆಂದು ಕಾದೆ. ಅವರು ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದರು. "ಅದಿರ್ಲಿ. ಈಗ್ಲೂ ಅಸಿಮೈ ಅನ್ನಕ್ಕಾಗಲ್ಲ ಕಣಮ್ಮ. ಕೈ ಆಕಿಲ್ವಲ್ಲ."

"ಹಾಕಿದಾರೆ ಅತ್ತೆ. ನಿನ್ನೆ ಮಿಷನ್ ಇರ್ಲಿಲ್ಲ. ಕೈಯಲ್ಲೇ ಹೊಲ್ದಿದ್ದು."

"ಕೈಲೇ?"

"ಕೈಯಲ್ಲೇ."

ಅತ್ತೆ ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಮೊದ್ಲೇ ಬೊಗಳಕ್ಕೆ ಏನಾಗಿತ್ತು? ಅಂಡೆ ತೊಳಿ ಓಗು."

ಚಿಕ್ಕೋಳು ಬಂದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ನಡೆಯಲು ಬಿಡಿ ಎಂದು ಡಾಕ್ಟರು ಹೇಳಿದ್ದನ್ನು ಈ ಸಲ ಪೂರ್ತಿ ಹೇಳಿದೆ, ಜಗಳವಾಡಿ ಹೇಳಿದೆ. ಕೊನೆಗೆ ಬೆಳಿಗ್ಗೆ ಸಂಜೆ ಟೆರೇಸಿನಲ್ಲಿ ಓಡಾಡಲು ಅಪ್ಪಣೆ ಸಿಕ್ಕಿತು. ಗೀಸರಿನ ನೀರು ಹಸಿಮೈಗೆ ಆಗದು ಎಂದು ಅತ್ತೆ ಪಟ್ಟು ಹಿಡಿದರು. ಹಾಗಾಗಿ ಹಿತ್ತಲಿನಿಂದ ಹದಿನೆಂಟು ಮೆಟ್ಟಿಲು ನಾನು ಬಿಸಿನೀರು ಹೊತ್ತೆ. ಎಷ್ಟೋ ಸಲ ಮೇಲೆ ಹೋದಾಗ ಅವಳು ಬೋರಲು ಮಲಗಿ, ಕಾಲು ಆಡಿಸುತ್ತಾ ಮೊಬೈಲ್ ನೋಡುತ್ತಿರುತ್ತಿದ್ದಳು. ಬೋರಲು! ಬಾಗಿಲಲ್ಲೇ ನಿಂತು ನೋಡಿ, ಬಕೆಟ್ಟನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದೆ.

ಆರು ವಾರದ ಮೇಲೆ ಡಾಕ್ಟರು ಪರೀಕ್ಷೆ ಮಾಡಿ, ಒಳಗಿನ ಗಾಯ ಚೆನ್ನಾಗಿ ಕೂಡಿದೆ, ಇನ್ನು ಎಲ್ಲ ಕೆಲಸ ಮಾಡಬಹುದು ಅಂದರು. ಕಾರಿನಲ್ಲಿ ಇಬ್ಬರೂ ಖುಷಿಯಾಗಿದ್ದೆವು. ಮನೆಗೆ ಬಂದು ಅತ್ತೆಗೆ ಒಂದಕ್ಷರ ಬಿಡದೆ ಹೇಳಿದೆ.

ಅತ್ತೆ ನಂಬಲಿಲ್ಲ. "ಅಸಿಮೈ ಅಂದ್ರೆ ಮೂರ್ ತಿಂಗಳು. ಒಂದ್ಸಲ ನಿನ್ ಮಾತ್ ಕೇಳಿ ಕೆಟ್ಟಿವ್ನಿ, ಸಾಕು."

"ನಿಜ ಅತ್ತೆ, ಇವಳನ್ನೇ ಕೇಳಿ ಬೇಕಾದ್ರೆ."

ಅತ್ತೆ ಚಿಕ್ಕೋಳ ಕಡೆ ತಿರುಗಿದರು. ಚಿಕ್ಕೋಳು ಮೆಟ್ಟಿಲ ಕಂಬಿಯ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು.

"ನಂಗ್ ಸರಿಯಾಗಿ ಕೇಳಿಸ್ಲಿಲ್ಲ ಅತ್ತೆ," ಅಂದಳು. "ಡಾಕ್ಟ್ರು ಏನಂದ್ರೋ. ಅಕ್ಕನಿಗೇ ಗೊತ್ತು."

ಒಂದೊಂದೇ ಮೆಟ್ಟಿಲು ನಿಧಾನ ಹತ್ತಿ ಮೇಲೆ ಹೋದಳು. ನಾನು ಹಿತ್ತಲಿಗೆ ಹೋಗಿ ಹಂಡೆಗೆ ನೀರು ತುಂಬಿದೆ.